ಮರ ಏರುವ ಮಂಚ ಕೊಳ್ಳಲು ಹೊರಟ ಬೆಳಗಾವಿಯ ತಮ್ಮನಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಾ,

ಹೋದ ವಾರ ಖಾನಾಪುರ ರಸ್ತೆಯ ಚಹಾದಂಗಡಿಯಲ್ಲಿ ನೀನು ಮೊಬೈಲ್ ಮುಂದೆ ಹಿಡಿದು ಎರಡು ಫೋಟೋ ತೋರಿಸಿದೆ. ಎರಡೂ ಮರ ಏರುವ ಮಂಚಗಳು, ಅಮೆರಿಕದಲ್ಲಿ ಜಿಂಕೆ ಬೇಟೆಗೆ ಬಳಸುವಂಥವು. “ಕಾಕಾ, ಇದರಾಗ ಯಾವುದು ತಗೊಳ್ಳಲಿ? ನಿಮ್ಮ ಗದ್ದಿ ದಂಡ್ಯಾಗ ಹಂದಿ ಭಾಳ ಬರ್ತಾವಂತಲ್ಲ, ಒಂದು ರಾತ್ರಿ ಬಂದೂಕು ಹಿಡಕೊಂಡು ಕುಂದರೂಣು” ಅಂದೆ. ಅಷ್ಟರಲ್ಲಿ ಬಸ್ಸು ಬಂತು. ಉತ್ತರ ಕೊಡದೆ ಹತ್ತಿಬಿಟ್ಟೆ. ಆ ಉತ್ತರವನ್ನು ಈಗ ಎಲ್ಲರೆದುರು ಬರೆಯುತ್ತಿದ್ದೇನೆ. ಶನಿವಾರ ಬಂತೆಂದರೆ ಜಾಂಬೋಟಿ ಕಾಡಿನ ಕಡೆ ಜೀಪು ತಿರುಗಿಸುವ ನಿನ್ನ ಓರಗೆಯ ಹುಡುಗರೂ ಇದನ್ನು ಓದಲಿ ಎಂಬ ಆಸೆ ನನ್ನದು.

ಮೊದಲು ನೇರ ಉತ್ತರ. ಬೇಟೆಗಾದರೆ ಎರಡೂ ಬೇಡ. ಎರಡರಲ್ಲಿ ಯಾವುದನ್ನು ಕಟ್ಟಿ ಕೂತರೂ ನೀನು ಅಪರಾಧಿಯಾಗುತ್ತೀ.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರಲ್ಲಿ ‘ಬೇಟೆ’ ಎಂಬ ಮಾತಿಗೆ ಕೊಂದದ್ದಷ್ಟೇ ಅರ್ಥವಲ್ಲ. ಹಿಡಿಯುವುದು, ಉರುಳು ಹಾಕುವುದು, ಸೋವುವುದು, ಆಮಿಷ ಇಟ್ಟು ಕಾಯುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕಾಡುಹಂದಿ ಈಗ ಎರಡನೆಯ ಅನುಸೂಚಿಯಲ್ಲಿದೆ. ಅದನ್ನು ಹೊಡೆದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ಬೇಟೆ ನಮ್ಮ ಖಾನಾಪುರ ತಾಲೂಕಿನ ಭೀಮಗಡ ವನ್ಯಜೀವಿಧಾಮದ ಗಡಿಯೊಳಗೆ ನಡೆದರೆ ಶಿಕ್ಷೆ ಮೂರರಿಂದ ಏಳು ವರ್ಷ. ಬಳಸಿದ ಬಂದೂಕು, ಜೀಪು, ನೀನು ಆಸೆಪಟ್ಟು ತರಿಸಿದ ಮಂಚ ಎಲ್ಲವೂ ಜಪ್ತಿಯಾಗುತ್ತವೆ. ನಮ್ಮೂರಲ್ಲಿ ಕೆಲವರ ಬಳಿ ಬೆಳೆ ರಕ್ಷಣೆಯ ಕೋವಿಗೆ ಪರವಾನಗಿ ಇದೆ ನಿಜ. ಅದು ಕೋವಿ ಇಟ್ಟುಕೊಳ್ಳಲು ಕೊಟ್ಟ ಪರವಾನಗಿ. ಪ್ರಾಣಿಯ ಮೇಲೆ ಗುಂಡು ಹಾರಿಸಬೇಕಾದರೆ ಅರಣ್ಯ ಇಲಾಖೆಯ ಅಧಿಕಾರಿ ಕಾರಣ ಬರೆದು ಬೇರೆಯೇ ಆದೇಶ ಕೊಡಬೇಕು.

ನಿನ್ನ ಆಸೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕಥೆಗಳನ್ನು ನಿನ್ನ ಕೈಗಿಟ್ಟವನೇ ನಾನು. ‘ಪೆದ್ದಚೆರುವಿನ ರಾಕ್ಷಸ’ ಓದಿದ ರಾತ್ರಿ ನಿನಗೆ ನಿದ್ದೆ ಬಂದಿರಲಿಲ್ಲ ಎಂದು ನಿನ್ನ ಅವ್ವ ಹೇಳಿದ್ದಳು. ಆ ಪುಸ್ತಕಗಳಲ್ಲಿ ಮಚಾನು ಕಟ್ಟಿ ಕೂರುವುದು ಊರವರನ್ನು ತಿಂದ ಪ್ರಾಣಿಗಾಗಿ. ಹೆಂಗಸರು ನೀರಿಗೆ ಹೋಗಲಾರದೆ, ದನಗಾಹಿಗಳು ಹಟ್ಟಿ ಬಿಡಲಾರದೆ ಕೂತ ಊರುಗಳ ಕಥೆ ಅವು. ಆಂಡರ್ಸನ್ ತೀರಿಕೊಂಡದ್ದು 1974ರಲ್ಲಿ. ಅವರು ಬೇಟೆಯಾಡಿದ ಕಾಲ ಬಹುಪಾಲು ಈ ಕಾಯ್ದೆಗಿಂತ ಹಿಂದಿನದು.

ಅಂಥ ಭಯವನ್ನು ನಮ್ಮ ತಾಲೂಕೂ ಕಂಡಿದೆ. 2014ರ ಕೊನೆಗೆ ಚಿಕ್ಕಮಗಳೂರು ಕಡೆ ಹಿಡಿದ ಹುಲಿಯೊಂದಕ್ಕೆ ರೇಡಿಯೋ ಕಾಲರ್ ತೊಡಿಸಿ ಭೀಮಗಡದ ಕಾಡಿಗೆ ತಂದು ಬಿಟ್ಟರು. ಚಿಕ್ಕಮಗಳೂರು ಕಡೆ ಆಗಲೇ ಮನುಷ್ಯಜೀವ ತೆಗೆದಿದ್ದ ಹುಲಿ ಅದು. ಡಿಸೆಂಬರಿನಲ್ಲಿ ಅದು ನಮ್ಮ ಖಾನಾಪುರ ತಾಲೂಕಿನ ಹೆಣ್ಣುಮಗಳೊಬ್ಬಳನ್ನು ಬಲಿ ತೆಗೆದುಕೊಂಡಿತು. ಕೆಲವೇ ದಿನಗಳಲ್ಲಿ ಅದನ್ನೂ ಗುಂಡಿಟ್ಟು ಕೊಂದರು. ಆ ದಿನಗಳಲ್ಲಿ ಸಂಜೆ ಐದಕ್ಕೇ ಕದ ಹಾಕಿಕೊಂಡು ಕೂತವರು ನಾವು. ಹುಲಿ ಸತ್ತ ಸುದ್ದಿ ಬಂದಾಗ ಊರಲ್ಲಿ ಯಾರೂ ಸಂಭ್ರಮಪಡಲಿಲ್ಲ. ಒಂದು ಮನೆ ಬರಿದಾಗಿತ್ತು, ಒಂದು ಹುಲಿ ಹೋಗಿತ್ತು. ಕೊಲ್ಲಲೇಬೇಕಾದ ಹೊತ್ತು ಬಂದಾಗಲೂ ಅದು ಸರ್ಕಾರದ ಆದೇಶದಂತೆ ನಡೆಯಬೇಕಾದ ಕೆಲಸ. ರಜೆಯ ದಿನ ಕಳೆಯಲು ಬಂದವರು ಕೈಹಾಕುವಂಥದಲ್ಲ.

ನಿಮ್ಮ ಪೇಟೆಗೂ ಕಾಡು ಬಂದಿತ್ತಲ್ಲ. 2022ರ ಆಗಸ್ಟ್‌ನಲ್ಲಿ ಗಾಲ್ಫ್ ಮೈದಾನ ಹೊಕ್ಕ ಚಿರತೆಗಾಗಿ ಬೋನು ಇಟ್ಟರು, ಕ್ಯಾಮೆರಾ ಕಟ್ಟಿದರು, ಸಕ್ರೆಬೈಲಿನ ಬಿಡಾರದಿಂದ ಆನೆಗಳನ್ನೂ ಕರೆಸಿದರು. ಸುತ್ತಲಿನ ಶಾಲೆಗಳಿಗೆ ದಿನಗಟ್ಟಲೆ ರಜೆ ಕೊಟ್ಟರು. ಚಿರತೆ ಮಾತ್ರ ಸಿಗಲಿಲ್ಲ. ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿಕೊಂಡು ಕಿಟಕಿಯಿಂದ ಹೊರಗೆ ನೋಡುತ್ತ ಕೂತ ಆ ದಿನಗಳನ್ನು ನೆನೆಸಿಕೋ. ನಾವು ಹಳ್ಳಿಯವರು ವರ್ಷದ ಎಷ್ಟೋ ತಿಂಗಳು ಹಾಗೇ ಬದುಕುತ್ತೇವೆ.

ಹಾಗಂತ ಮರ ಏರಿ ಕೂರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಾನು ಬೆಳೆದದ್ದೇ ಗದ್ದೆ ಕಾಯುವ ಮಾಳದ ಮೇಲೆ.

ನಮ್ಮ ಅಜ್ಜ ದಸರೆ ಮುಗಿಯುತ್ತಲೇ ಗದ್ದೆಯಂಚಿನ ಮತ್ತಿ ಮರದ ಕವಲಿಗೆ ಬಿದಿರಿನ ಗಳ ಕಟ್ಟುತ್ತಿದ್ದ. ಕಟ್ಟುವ ಹಗ್ಗವನ್ನು ಹಿಂದಿನ ರಾತ್ರಿಯೇ ತೊಟ್ಟಿಯಲ್ಲಿ ನೆನೆಹಾಕಿಡುತ್ತಿದ್ದ. ಗಳದ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕಂಬಳಿ, ತಲೆಯ ಮೇಲೊಂದು ತಟ್ಟಿ. ಭತ್ತ ಹಾಲು ತುಂಬುವಾಗಿನಿಂದ ಕೊಯ್ಲಿನವರೆಗೆ ಅಲ್ಲೇ ಮಲಗುವುದು. ಕೈಗೆ ಎಟಕುವಂತೆ ಎಣ್ಣೆ ಡಬ್ಬಿ, ಕವಣೆ, ಟಾರ್ಚು. ಕೆಳಗೆ ಕೊರಡಿನ ಬೆಂಕಿ, ಬೆಳತನಕ ಹೊಗೆಯಾಡುತ್ತಿರಬೇಕು.

ನನಗಾಗ ಹನ್ನೊಂದು ವರ್ಷ. ಒಂದು ರಾತ್ರಿ ಅಜ್ಜ ನನ್ನ ಮೊಣಕೈ ಹಿಡಿದು ಅಲುಗಾಡಿಸಿದ. ಇಬ್ಬನಿಗೆ ಕಂಬಳಿ ತೊಯ್ದು ಭಾರವಾಗಿತ್ತು. ಗದ್ದೆಯ ಆಚೆ ಬದಿಯಲ್ಲಿ ತೆನೆ ಎಳೆದು ಜಗಿಯುವ ಸದ್ದು, ನಡುವೆ ಮರಿಗಳ ಸಣ್ಣ ಕಿರುಚು. ಕಣ್ಣು ಹೊಂದಿಕೊಂಡ ಮೇಲೆ ಕಂಡವು: ಒಂದು ದೊಡ್ಡದು, ಹಿಂದೆ ಐದಾರು ಮರಿ, ಮೈಮೇಲೆ ಗೀರುಗೀರು. ನಾನು ಕವಣೆಗೆ ಕಲ್ಲು ಹಾಕಿ ಎತ್ತಿದೆ. ಅಜ್ಜ ಕೈ ತಡೆದ. “ಹಂದಿ ಹೊಡಿಯಾಕ ಬಂದಿಲ್ಲೋ ನಾವು, ಭತ್ತಾ ಕಾಯಾಕ ಬಂದೀವಿ” ಅಂದ. ಡಬ್ಬಿ ಎತ್ತಿ ನಾಲ್ಕು ಬಾರಿ ಬಡಿದು ಕೂಗು ಹಾಕಿದ. ತಾಯಿ ಮುಂದೆ, ಮರಿಗಳು ಹಿಂದೆ, ಬದು ಹಾರಿ ಕಾಡು ಸೇರಿದವು. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಮೂಲೆಯ ಭತ್ತ ಹೋಗಿತ್ತು. ಉಳಿದ ಗದ್ದೆ ಉಳಿದಿತ್ತು.

ತಮ್ಮಾ, ಆ ಕೆಲಸಕ್ಕೆ, ಅಂದರೆ ಬೆಳೆ ಕಾಯುವುದಕ್ಕೋ ಕ್ಯಾಮೆರಾ ಹಿಡಿದು ನೋಡುವುದಕ್ಕೋ, ನಿನಗೆ ಮಂಚ ಬೇಕೆಂದರೆ ನಾನೇ ಕೂತು ಆರಿಸಿಕೊಡುತ್ತೇನೆ. ನಮ್ಮ ಸ್ವಂತ ಗದ್ದೆಯಲ್ಲಿ, ವನ್ಯಜೀವಿಧಾಮದ ಹೊರಗೆ. ಅದಕ್ಕೂ ಮೊದಲು ಕೆಲವು ಮಾತು ಕೇಳು.

ನೀನು ತೋರಿಸಿದ ಒಂದೊಂದು ಮಂಚದಲ್ಲೂ ಎರಡೆರಡು ತುಂಡು. ಮೇಲಿನದು ಕೂರಲು, ಕೆಳಗಿನದು ಕಾಲಿಡಲು. ಎರಡಕ್ಕೂ ಬೊಡ್ಡೆಯನ್ನು ಸುತ್ತುವ ಒಂದೊಂದು ಉಕ್ಕಿನ ಹಗ್ಗ. ಮೇಲಿನದನ್ನು ತೋಳಿನಿಂದ ಎತ್ತಿ ಒತ್ತಬೇಕು, ಆಮೇಲೆ ಕೆಳಗಿನದನ್ನು ಪಾದದಿಂದ ಎಳೆದುಕೊಳ್ಳಬೇಕು. ಭಾರ ಬಿದ್ದಷ್ಟೂ ಬೊಡ್ಡೆಯನ್ನು ಕಚ್ಚುತ್ತದೆ. ನಮ್ಮ ಕಡೆ ತೆಂಗಿನ ಮರ ಏರುವ ಯಂತ್ರ ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಅಡಕೆ ಮರ ಏರುವ ಬೈಕನ್ನೇ ಮಾಡಿ ತೋರಿಸಿದ್ದಾರೆ. ಮರ ಏರುವ ಬುದ್ಧಿ ನಮ್ಮವರಿಗೆ ಹೊರಗಿನಿಂದ ಬರಬೇಕಿಲ್ಲ.

ಆದರೆ ಈ ಮಂಚಕ್ಕೆ ಬೇಕಾದ ಮರ ನಮ್ಮ ಬದುವಿನ ಮೇಲೆ ಅಪರೂಪ. ಬೊಡ್ಡೆ ನೆಟ್ಟಗಿರಬೇಕು, ಏರುವಷ್ಟು ಎತ್ತರಕ್ಕೆ ಕೊಂಬೆ ಇರಬಾರದು, ದಪ್ಪ ಸುಮಾರು 8ರಿಂದ 20 ಇಂಚಿನೊಳಗಿರಬೇಕು. ಸೊಪ್ಪಿಗೆಂದು ವರ್ಷವರ್ಷ ಕಡಿದ ಮತ್ತಿ ಗಂಟುಗಂಟು. ಹಲಸು, ಮಾವು ಆಳೆತ್ತರಕ್ಕೇ ಕವಲೊಡೆಯುತ್ತವೆ. ನೆಟ್ಟಗಿರುವುದು ಸಾಗವಾನಿ ಮತ್ತು ನೀಲಗಿರಿ. ನೀಲಗಿರಿಯ ತೊಗಟೆ ಹಾಳೆಹಾಳೆಯಾಗಿ ಸುಲಿಯುತ್ತದೆ. ಹಗ್ಗ ಕಚ್ಚಿಕೊಂಡದ್ದು ಸುಲಿದ ತೊಗಟೆಯನ್ನಾದರೆ ಮಂಚ ಜಾರಿತೆಂದೇ ತಿಳಿ. ಮಳೆಗಾಲ ಮುಗಿದು ಎರಡು ತಿಂಗಳಾದರೂ ಜಾಂಬೋಟಿ, ಕಣಕುಂಬಿ ಕಡೆಯ ಬೊಡ್ಡೆಗಳ ಮೇಲೆ ಪಾಚಿ ಹೋಗಿರುವುದಿಲ್ಲ. ಒಣಗಿದ ಮರ, ಪೊಟರೆ ಇರುವ ಮರ ಮುಟ್ಟಲೇಬೇಡ.

ಮರ ಮೇಲೆ ಹೋದಂತೆ ಸಣ್ಣಗಾಗುತ್ತದೆ. ನೆಲದಲ್ಲಿ ಸಮವಾಗಿ ಕಟ್ಟಿದ ಮಂಚ ಇಪ್ಪತ್ತು ಅಡಿ ಏರುವಷ್ಟರಲ್ಲಿ ಮುಂದಕ್ಕೆ ಬಾಗುತ್ತದೆ. ಅದಕ್ಕೆ ಕೆಳಗೆ ಕಟ್ಟುವಾಗಲೇ ತುದಿಯನ್ನು ಸ್ವಲ್ಪ ಮೇಲಕ್ಕೆತ್ತಿ ಕಟ್ಟಬೇಕು. ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ನಡುವೆ ಒಂದು ಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಕಾಲಡಿಯದು ಕಳಚಿ ನೆಲಕ್ಕೆ ಬೀಳುತ್ತದೆ, ನೀನು ಮೇಲೆ ಜೋತಾಡುತ್ತೀ. ಇಂಥ ಮಂಚಗಳು ಸಾಮಾನ್ಯವಾಗಿ ತಡೆಯುವ ಭಾರ 300 ಪೌಂಡ್, ಅಂದರೆ 136 ಕಿಲೋ. ಆ ಲೆಕ್ಕದಲ್ಲಿ ನಿನ್ನ ಜೊತೆ ಬಟ್ಟೆ, ಬೂಟು, ಚೀಲ, ಕ್ಯಾಮೆರಾ ಎಲ್ಲವೂ ಸೇರುತ್ತವೆ. ಸಾಮಾನನ್ನು ಬೆನ್ನಿಗೆ ಹಾಕಿಕೊಂಡು ಏರಬೇಡ. ಮೇಲೆ ಕೂತ ಮೇಲೆ ಹಗ್ಗದಿಂದ ಎಳೆದುಕೋ.

ಎಲ್ಲಕ್ಕಿಂತ ಮುಖ್ಯ ಬೆಲ್ಟು. ನನ್ನ ಚಿಕ್ಕಪ್ಪ ಮಾಳದಿಂದ ಬಿದ್ದದ್ದು ಹಂದಿ ಬಂದಾಗಲ್ಲ, ನಿದ್ದೆಗಣ್ಣಲ್ಲಲ್ಲ. ಬೆಳಿಗ್ಗೆ ಇಳಿಯುವಾಗ, ಮಾಳದಿಂದ ಏಣಿಗೆ ಕಾಲು ದಾಟಿಸುವ ಆ ಒಂದು ಹೆಜ್ಜೆಯಲ್ಲಿ. ಹನ್ನೆರಡು ಅಡಿ ಅಷ್ಟೇ. ಸೊಂಟದ ಮೂಳೆ ಮುರಿಯಿತು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಊರ ಹೊರಗಿನ ರಸ್ತೆಯವರೆಗೆ ತಂದೆವು. ಆಮೇಲೆ ಅವನು ಗದ್ದೆಗೆ ಇಳಿಯಲಿಲ್ಲ. ನೆಲ ಬಿಟ್ಟ ಗಳಿಗೆಯಿಂದ ಮತ್ತೆ ನೆಲ ಮುಟ್ಟುವವರೆಗೆ ಬೆಲ್ಟು ಮರಕ್ಕೆ ಕಟ್ಟಿಯೇ ಇರಬೇಕು. ಸೊಂಟಕ್ಕೆ ಮಾತ್ರ ಸುತ್ತುವ ಪಟ್ಟಿ ಸಾಲದು, ಬಿದ್ದರೆ ಅದೇ ಹೊಟ್ಟೆ ಹಿಂಡುತ್ತದೆ. ತೊಡೆ, ಭುಜ ಎರಡನ್ನೂ ಹಿಡಿಯುವ ಪೂರ್ತಿ ಮೈಯ ಹಾರ್ನೆಸ್ ಬೇಕು. ನಮ್ಮ ದೇಶದಲ್ಲಿ ಅದಕ್ಕೆ ಐಎಸ್ 3521 ಎಂಬ ಮಾನಕವಿದೆ. ಕಟ್ಟಡ ಕೆಲಸದ ಸಾಮಾನು ಮಾರುವ ಅಂಗಡಿಯಲ್ಲಿ ಕೇಳು, ಗುರುತು ನೋಡಿ ತಗೋ. ಹಾರ್ನೆಸ್ಸಿನಲ್ಲಿ ಅಲುಗಾಡದೆ ಜೋತುಬಿದ್ದರೆ ರಕ್ತ ಕಾಲಿಗಿಳಿದು ಸ್ವಲ್ಪ ಹೊತ್ತಿನಲ್ಲೇ ಜೀವಕ್ಕೆ ಕುತ್ತು. ಹಾಗಾಗಿ ಕಾಲು ಊರಲು ಒಂದು ಹಗ್ಗದ ಕುಣಿಕೆ ಜೇಬಿನಲ್ಲಿರಲಿ, ಫೋನು ಕೈಗೆಟಕುವಲ್ಲಿರಲಿ, ಯಾವ ಮರ ಎಂದು ಮನೆಯಲ್ಲಿ ಹೇಳಿ ಬಂದಿರು.

ನನ್ನ ಮನಸ್ಸನ್ನು ಕೇಳಿದರೆ, ಆ ಮಂಚದ ದುಡ್ಡಿಗೆ ಏಣಿ, ಹಾರ್ನೆಸ್ ಎರಡನ್ನೂ ತಂದು ಅಜ್ಜನ ಮತ್ತಿ ಮರಕ್ಕೇ ಮಾಳ ಕಟ್ಟೋಣ ಎನ್ನುತ್ತೇನೆ. ಗಂಟುಗಂಟಾದ ಮರ ಮಾಳಕ್ಕೆ ಒಳ್ಳೆಯದು. ಆನೆ ಬರುವ ದಾರಿಯಲ್ಲಿ ಕಂಬ ನೆಟ್ಟು ಕಟ್ಟಿದ ಅಟ್ಟಣಿಗೆಗಿಂತ ದೊಡ್ಡ ಮರವೇ ಭದ್ರ.

ಇನ್ನೊಂದು ಮಾತು. ಹಂದಿ, ಕಾಡುಕೋಣ, ಆನೆ ನಮ್ಮ ಭತ್ತ, ಕಬ್ಬು ತಿನ್ನುವುದು ಸುಳ್ಳಲ್ಲ. ನಷ್ಟವನ್ನು ಸಹಿಸಿಕೊಳ್ಳಿ ಎಂದು ರೈತನಿಗೆ ಉಪದೇಶ ಮಾಡಲು ನಾನು ಹೋಗುವುದಿಲ್ಲ. ಆದರೆ ರೋಸಿಹೋದವರು ಬೇಲಿಗೆ ಕರೆಂಟು ಹರಿಸುತ್ತಾರೆ, ಉರುಳು ಕಟ್ಟುತ್ತಾರೆ. ಅದರಲ್ಲಿ ಆನೆ ಸಾಯುತ್ತದೆ, ಮನೆಯ ಎತ್ತು ಸಾಯುತ್ತದೆ, ಕತ್ತಲಲ್ಲಿ ನೀರು ಕಟ್ಟಲು ಹೋದ ಮನುಷ್ಯನೂ ಸಾಯುತ್ತಾನೆ. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಗುತ್ತದೆ. ಅದಕ್ಕೆ ಫೋಟೋ ಬೇಕು, ಪಹಣಿ ಬೇಕು, ಅರ್ಜಿ ಸರಿಯಾಗಿ ತುಂಬಬೇಕು, ಆಮೇಲೆ ಬೆನ್ನು ಹತ್ತಬೇಕು. ನಮ್ಮೂರ ಎಷ್ಟೋ ಮುದುಕರು ಅಲ್ಲಿಗೇ ಸೋತು ಕೂರುತ್ತಾರೆ. ನಿನ್ನ ಕೈಯಲ್ಲಿ ಒಳ್ಳೆಯ ಮೊಬೈಲಿದೆ, ಓದು ಬರಹ ಇದೆ, ಬೆಳಗಾವಿಯಿಂದ ಇಲ್ಲಿಗೆ ಜೀಪಿನಲ್ಲಿ ಒಂದು ತಾಸಿನ ದಾರಿ.

ಈ ಕಾಡನ್ನು ಬರೀ ಹಂದಿಯ ಮನೆ ಎಂದುಕೊಳ್ಳಬೇಡ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ, ಮಹದಾಯಿ ಹುಟ್ಟುವುದು ದೇಗಾವಿನಲ್ಲಿ. ಎರಡೂ ಖಾನಾಪುರ ತಾಲೂಕಿನ ಊರುಗಳು. ಸುಮಾರು 190 ಚದರ ಕಿಲೋಮೀಟರಿನ ಭೀಮಗಡವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ್ದು ಇಂಥ ಕಾಡು ಉಳಿಯಲೆಂದೇ. ಸವದತ್ತಿಯ ಅಣೆಕಟ್ಟಿನಲ್ಲಿ ನಿಲ್ಲುವ ನೀರು ಇಲ್ಲಿಂದ ಹೊರಟದ್ದು.

ಅದಕ್ಕೆ ನನ್ನ ಬೇಡಿಕೆ ಇಷ್ಟೇ. ಬಂದೂಕು ಮನೆಯಲ್ಲಿಟ್ಟು ಬಾ. ದಸರೆ ಮುಗಿದ ಮೊದಲ ಶನಿವಾರ ಗೆಳೆಯರನ್ನೂ ಕರೆದುಕೊಂಡು ಬಾ. ಹಗಲು ನಾಲ್ಕು ಮನೆಯ ಪರಿಹಾರದ ಅರ್ಜಿ ತುಂಬಿಕೊಡಿ, ರಾತ್ರಿ ನನ್ನ ಜೊತೆ ಮಾಳ ಕಾಯಿರಿ. ಹಗ್ಗ ನೆನೆಹಾಕಿಟ್ಟಿರುತ್ತೇನೆ. ಅಜ್ಜ ಬಡಿಯುತ್ತಿದ್ದ ಡಬ್ಬಿ ಇನ್ನೂ ನಮ್ಮ ಅಟ್ಟದ ಮೇಲಿದೆ.

ಇಂತಿ ನಿನ್ನ ಕಾಕಾ,
ಖಾನಾಪುರ ತಾಲೂಕಿನ ಒಬ್ಬ ಭತ್ತದ ರೈತ