ಅಳೆದಷ್ಟೇ ಸಿಕ್ಕೀತು: ಬರ್ಮಿಂಗ್‌ಹ್ಯಾಮಿನ ಕಿಟಕಿಯೊಂದರ ಸಂದರ್ಶನ

ಇಂಗ್ಲೆಂಡಿನಲ್ಲಿ ಕಿಟಕಿ ತಯಾರಿಸುವವರು, ಗಾಜು ಮಾರುವವರು, ಚೌಕಟ್ಟು ಕೂರಿಸುವವರು ಆಗಾಗ ಒಂದೇ ಸೂರಿನಡಿ ಸೇರುತ್ತಾರೆ. ಬೆಳಿಗ್ಗೆ ವಿಸಿಟಿಂಗ್ ಕಾರ್ಡುಗಳ ವಿನಿಮಯ, ಮಧ್ಯಾಹ್ನ ಚರ್ಚೆ, ಸಂಜೆ ಬಿಯರು. ಚರ್ಚೆಯ ವಿಷಯ ಏನೇ ಇರಲಿ, ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಕಡೆ: ಸರ್ಕಾರದ ನಿಯಮಗಳು ವಿಪರೀತವಾದವು. ದಿನವಿಡೀ ಕಿಟಕಿಯ ಬಗ್ಗೆ ಮಾತಾಡುವ ಈ ಸಭೆಗಳಲ್ಲಿ ಕಿಟಕಿಯನ್ನು ಮಾತಾಡಿಸಿದವರಿಲ್ಲ. ಆ ಕೊರತೆ ನೀಗಲೆಂದು ಬರ್ಮಿಂಗ್‌ಹ್ಯಾಮಿನ ಸಭಾಂಗಣವೊಂದರ ಗೋಡೆಯಲ್ಲಿರುವ ಜೋಡಿ ಗಾಜಿನ, ಬಿಳಿ ಯುಪಿವಿಸಿ ಕಿಟಕಿಯೊಂದಿಗೆ ಈ ಕಾಲ್ಪನಿಕ ಸಂದರ್ಶನ.

ಪ್ರಶ್ನೆ: ಒಳಗೆ ಚರ್ಚೆ ಜೋರಾಗಿದೆ. ನಿಮಗೂ ಕೇಳಿಸುತ್ತಿರಬೇಕು?

ಕಿಟಕಿ: ಎರಡು ಗಾಜಿದ್ದರೂ ಕೇಳಿಸುತ್ತದೆ ಸ್ವಾಮಿ, ಅಷ್ಟು ದೊಡ್ಡ ಗಂಟಲು. ನಿಯಮಗಳಿಂದ ನಮ್ಮ ಧಂದೆ ಮುಳುಗಿತು ಎಂದು ಈಗಷ್ಟೇ ಒಬ್ಬರು ಮೇಜು ಗುದ್ದಿದರು. ಗುದ್ದಿದ ಕೈಯಲ್ಲಿದ್ದ ಉಂಗುರ ಆ ನಿಯಮಗಳ ಕೃಪೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಳೆ ಕಿಟಕಿ ಕಿತ್ತು ಹೊಸದು ಹಾಕುವ ಕೆಲಸ 2002ರ ಏಪ್ರಿಲ್‌ನಿಂದ ಕಟ್ಟಡ ನಿಯಮಗಳ ವ್ಯಾಪ್ತಿಗೆ ಬಂತು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಕಿಟಕಿಯಿಂದ ಎಷ್ಟು ವಾಟ್ ಶಾಖ ಸೋರಿಹೋಗುತ್ತದೆ ಎಂಬುದಕ್ಕೆ ಯು-ವ್ಯಾಲ್ಯೂ ಎನ್ನುತ್ತಾರೆ. ಒಂಟಿ ಗಾಜಿನ ಕಿಟಕಿಗೆ ಅದು ಸುಮಾರು 5. ಮರದ ಮತ್ತು ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ 2.0 ದಾಟಬಾರದೆಂದು 2002ರ ನಿಯಮ ಹೇಳಿತು. ಬದಲಿ ಕಿಟಕಿಗಳ ಈ ಮಿತಿ 2010ರಲ್ಲಿ 1.6ಕ್ಕೆ, 2022ರಲ್ಲಿ ಇಂಗ್ಲೆಂಡಿನಲ್ಲಿ 1.4ಕ್ಕೆ ಇಳಿಯಿತು. ಸಾದಾ ಜೋಡಿ ಗಾಜು ಮೂಲೆಗೆ ಹೋಗಿ, ಶಾಖವನ್ನು ಮರಳಿ ಕೋಣೆಗೇ ಕಳಿಸುವ ಲೇಪನದ ಗಾಜು ಬಂತು, ನಡುವಿನ ಖಾಲಿ ಜಾಗಕ್ಕೆ ಆರ್ಗಾನ್ ಅನಿಲ ಬಂತು. ಮಾಲು ಹೊಸದು, ಬೆಲೆಯೂ ಹೊಸದು. ಇದಕ್ಕೆ ಮುಳುಗುವುದು ಎನ್ನುತ್ತಾರೆಯೆ?

ಪ್ರಶ್ನೆ: ಹಾಗಾದರೆ ಸರ್ಕಾರ ಮಾಡಿದ್ದೆಲ್ಲ ಸರಿ ಎನ್ನುತ್ತೀರಿ.

ಕಿಟಕಿ: ನಮ್ಮ ವಂಶದಲ್ಲಿ ಹುಟ್ಟಿದ ಯಾರೂ ಹಾಗೆನ್ನಲಾರರು. 1696ರಲ್ಲಿ ಈ ದೇಶ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕಲು ಹೊರಟಿತು. ಶ್ರೀಮಂತನ ಮನೆಗೆ ಕಿಟಕಿ ಹೆಚ್ಚು, ಹೊರಗೆ ನಿಂತೇ ಎಣಿಸಬಹುದು ಎಂಬ ಲೆಕ್ಕಾಚಾರ. ಜನ ಇಟ್ಟಿಗೆ ತಂದು ಕಿಟಕಿಗಳನ್ನೇ ಮುಚ್ಚಿದರು. ತೆರಿಗೆ 1766ರಲ್ಲಿ ಏಳು ಕಿಟಕಿಯ ಮನೆಗೂ ಇಳಿದಾಗ ಏಳನೆಯದನ್ನು ಬಲಿಕೊಟ್ಟವರಿದ್ದರು. ಗಾಜಿನ ಮೇಲೂ ತೂಕದ ಲೆಕ್ಕದಲ್ಲಿ ಸುಂಕ ಬಿತ್ತು, ಅದಕ್ಕೆ ತಕ್ಕಂತೆ ಇಲ್ಲಿನವರು ತೆಳು ಗಾಜಿಗೇ ಅಂಟಿಕೊಂಡರು. ಆ ಸುಂಕ 1845ರಲ್ಲಿ ಹೋಯಿತು. ಆರೇ ವರ್ಷಗಳಲ್ಲಿ, ಇದೇ ಬರ್ಮಿಂಗ್‌ಹ್ಯಾಮಿನ ಮಗ್ಗುಲಲ್ಲಿರುವ ಸ್ಮೆದಿಕ್‌ನ ಚಾನ್ಸ್ ಬ್ರದರ್ಸ್ ಕಾರ್ಖಾನೆಯ ಸುಮಾರು ಮೂರು ಲಕ್ಷ ಗಾಜಿನ ಹಲಗೆಗಳಿಂದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎದ್ದು ನಿಂತಿತು. ನಿಮ್ಮ ಲಾಲ್‌ಬಾಗಿನ ಗಾಜಿನ ಮನೆಗೂ ಅದೇ ಮಾದರಿ. ಕಿಟಕಿ ತೆರಿಗೆ ರದ್ದಾದದ್ದೂ ಅದೇ 1851ರಲ್ಲಿ. ಆದ್ದರಿಂದ ನಿಯಮ ಬೇಕೋ ಬೇಡವೋ ಎಂಬ ಈ ಸಭೆಯ ವಾದವೇ ಹುಸಿ. ನಿಯಮ ಏನನ್ನು ಅಳೆಯುತ್ತದೆ ಎಂದು ಕೇಳಬೇಕು. ಎಣಿಕೆಗೆ ತೆರಿಗೆ ಹಾಕಿದರೆ ಎಣಿಕೆ ಇಳಿಯುತ್ತದೆ, ತೂಕಕ್ಕೆ ಹಾಕಿದರೆ ಗಾಜು ಸೊರಗುತ್ತದೆ, ಶಾಖದ ಸೋರಿಕೆಗೆ ಮಿತಿ ಹಾಕಿದರೆ ಸೋರಿಕೆ ತಗ್ಗುತ್ತದೆ. ಅಳತೆಗೆ ಸಿಗದೆ ಉಳಿದದ್ದು ಹಾಳಾಗುತ್ತದೆ.

ಪ್ರಶ್ನೆ: ಗಾಜಿನ ಅತಿದೊಡ್ಡ ಆವಿಷ್ಕಾರ ಯಾವ ನಿಯಮದಿಂದಲೂ ಬಂದದ್ದಲ್ಲವಲ್ಲ?

ಕಿಟಕಿ: ಒಪ್ಪಿದೆ. ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಬಿಡುವ ವಿಧಾನವನ್ನು ಸೇಂಟ್ ಹೆಲೆನ್ಸ್‌ನಲ್ಲಿ ಅಲಸ್ಟೇರ್ ಪಿಲ್ಕಿಂಗ್ಟನ್ ಮತ್ತವರ ಸಂಗಡಿಗರು ವರ್ಷಗಟ್ಟಲೆ ಹೆಣಗಿ ಸಾಧಿಸಿ, 1959ರಲ್ಲಿ ಜಗತ್ತಿಗೆ ತಿಳಿಸಿದರು. ಯಾವ ಅಧಿಕಾರಿಯೂ ಅವರ ಬೆನ್ನಿಗೆ ಬಿದ್ದಿರಲಿಲ್ಲ. ಆದರೆ ಆಗ ಗಿರಾಕಿಗೆ ಬೇಕಾಗಿದ್ದದ್ದೇನು? ಅಲೆಯಿಲ್ಲದ, ಉಜ್ಜಿ ಹೊಳಪು ಕೊಡಬೇಕಿಲ್ಲದ, ಅಗ್ಗದ ಗಾಜು. ಅದು ಸಿಕ್ಕಿತು. ಮಾರುಕಟ್ಟೆಯೂ ಅಳೆಯುತ್ತದೆ ಸ್ವಾಮಿ, ಕಣ್ಣಿಗೆ ಕಾಣುವುದನ್ನು ಮಾತ್ರ. ಗಾಜಿನ ವಕ್ರತೆ ಅಂಗಡಿಯಲ್ಲೇ ಕಾಣುತ್ತದೆ, ರಾತ್ರಿಯಿಡೀ ಸೋರುವ ಶಾಖ ಕಾಣುವುದಿಲ್ಲ. ಕಾಣದ್ದನ್ನು ಅಳೆಯಲು ನಿಯಮ ಬೇಕಾಯಿತು.

ಪ್ರಶ್ನೆ: ಅಳೆದರೆ ಎಲ್ಲ ಸರಿಹೋಗುತ್ತದೆ ಅನ್ನಿ.

ಕಿಟಕಿ: ಒಂದನ್ನೇ ಅಳೆದರೆ ಎಡವಟ್ಟಾಗುತ್ತದೆ. ಶಾಖ ಉಳಿಸುವ ಹುಮ್ಮಸ್ಸಿನಲ್ಲಿ ಹಳೆ ಮನೆಗಳ ಸಂದುಗೊಂದುಗಳನ್ನೆಲ್ಲ ಭದ್ರಪಡಿಸಿದೆವು. ಅಡುಗೆಯ ಹಬೆ, ಸ್ನಾನದ ಹಬೆ, ಒಣಹಾಕಿದ ಬಟ್ಟೆಯ ತೇವ ಒಳಗೇ ಉಳಿದು ಗೋಡೆಗೆ ಬೂಷ್ಟು ಹಿಡಿಯಿತು. 2022ರ ಜೂನ್‌ನಲ್ಲಿ ಇಂಗ್ಲೆಂಡಿನ ಪರಿಷ್ಕೃತ ವಾತಾಯನ ನಿಯಮ ಬಂದು, ಕಿಟಕಿ ಬದಲಿಸಿದ ಮೇಲೆ ಮನೆಯ ಗಾಳಿಯಾಟ ಮೊದಲಿಗಿಂತ ಕೆಡಬಾರದು ಎಂದಿತು. ಬಹುತೇಕ ಕಡೆ ಅದರ ಅರ್ಥ, ಚೌಕಟ್ಟಿನ ತಲೆಯಲ್ಲೊಂದು ಗಾಳಿಗಂಡಿ. ಗಾಳಿ ನಿಲ್ಲಿಸಲು ಒಮ್ಮೆ ದುಡ್ಡು, ಗಾಳಿ ಬಿಡಲು ಇನ್ನೊಮ್ಮೆ. ಈ ಗಂಡಿಯನ್ನು ಒಳಗಿನವರು ಶಪಿಸುತ್ತಿದ್ದಾರೆ, ಗಂಡಿಯ ಬೆಲೆಯನ್ನು ಬಿಲ್ಲಿಗೆ ಸೇರಿಸುವುದನ್ನು ಮಾತ್ರ ಮರೆತಿಲ್ಲ. ಅದೇ ಜೂನ್‌ನಲ್ಲಿ ಹೊಸ ವಸತಿ ಕಟ್ಟಡಗಳು ಬೇಸಿಗೆಯಲ್ಲಿ ಕಾಯದಿರಲೆಂದು ಇನ್ನೊಂದು ನಿಯಮವೂ ಜಾರಿಯಾಯಿತು. ಮರುತಿಂಗಳೇ ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ ತಾಪಮಾನ 40.3 ಡಿಗ್ರಿ ಮುಟ್ಟಿತು. ಚಳಿಯನ್ನಷ್ಟೇ ಶತ್ರುವೆಂದು ತಿಳಿದ ನಾಡಿಗೆ ಬಿಸಿಲನ್ನೂ ಅಳೆಯಬೇಕೆಂಬ ಬುದ್ಧಿ ತಡವಾಗಿ ಬಂತು.

ಪ್ರಶ್ನೆ: ಈಗ ಅಳತೆಗೆ ಸಿಗದೆ ಉಳಿದಿರುವುದು ಯಾವುದು?

ಕಿಟಕಿ: ನನ್ನನ್ನು ಗೋಡೆಗೆ ಕೂರಿಸಿದ ಕೆಲಸ. ನನ್ನ 1.4 ಕಾರ್ಖಾನೆಯಿಂದ ಹೊರಟಾಗಿನ ಅಂಕ. ಇಟ್ಟಿಗೆಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಫೋಮ್ ತುಂಬಿದರೋ, ಬರೀ ಪಟ್ಟಿ ಬಡಿದು ಮೇಲೆ ಸಿಲಿಕೋನ್ ಎಳೆದರೋ, ಆ ಅಂಕಕ್ಕೆ ಗೊತ್ತಿಲ್ಲ. ಫೆನ್ಸಾದಂಥ ಯೋಜನೆಗಳಲ್ಲಿ ನೋಂದಾಯಿತ ಫಿಟ್ಟರ್ ತನ್ನ ಕೆಲಸಕ್ಕೆ ತಾನೇ ಪ್ರಮಾಣ ನೀಡುತ್ತಾನೆ. ತಪಾಸಣೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಅದಕ್ಕೆ ಬೆಲೆಯೂ ಇದೆ, ಅನೇಕ ಫಿಟ್ಟರ್‌ಗಳು ನಿಯತ್ತಿನವರೂ ಹೌದು. ಆದರೆ ಅದು ಆಯ್ದ ಕೆಲವು ಕೆಲಸಗಳ ತಪಾಸಣೆ. ಅದೂ ಎಲ್ಲ ಮುಗಿದು ಪಟ್ಟಿ ಬಡಿದ ಮೇಲೆ. ಪಟ್ಟಿಯ ಹಿಂದೆ ಏನಿದೆಯೆಂದು ನನಗೆ ಗೊತ್ತು, ಜನವರಿಯಲ್ಲಿ ಮನೆಯೊಡತಿಗೂ ಗೊತ್ತಾಗುತ್ತದೆ. ನಮ್ಮಿಬ್ಬರಿಗೂ ಈ ಸಭೆಗೆ ಆಹ್ವಾನವಿಲ್ಲ.

ಪ್ರಶ್ನೆ: ಒಳಗಿನವರ ದೂರುಗಳಲ್ಲಿ ಒಂದಾದರೂ ನ್ಯಾಯವಾದದ್ದಿಲ್ಲವೆ?

ಕಿಟಕಿ: ಇದೆ. ಮನೆಗೆ ಶಾಖ ತಡೆಯುವ ಹೊದಿಕೆ ಹಾಕಿಸಿದರೆ 2022ರಿಂದ ವ್ಯಾಟ್ ಸೊನ್ನೆ, ನನ್ನನ್ನು ಹಾಕಿಸಿದರೆ ಶೇ 20. ಶಾಖ ಉಳಿಸುವ ಕೆಲಸ ಇಬ್ಬರದೂ ಒಂದೇ ಆಗಿರುವಾಗ ಈ ಪಂಕ್ತಿಭೇದಕ್ಕೆ ಸಮರ್ಥನೆಯಿಲ್ಲ. ಆದರೆ ರಿಯಾಯಿತಿ ಕೇಳಲು ಹೋದವರನ್ನು ಖಜಾನೆಯವರು ಕೇಳಬೇಕಾದ ಮೊದಲ ಪ್ರಶ್ನೆ, ಕೂರಿಸಿದ ಮೇಲೆ ಕಿಟಕಿ ನಿಜಕ್ಕೂ ಎಷ್ಟು ಉಳಿಸುತ್ತದೆ ಎಂಬುದು. ಅದಕ್ಕೆ ಇವರ ಕೈಯಲ್ಲಿರುವುದು ಕ್ಯಾಟಲಾಗಿನ ಅಂಕೆ. ಮನೆಯಿಂದ ತಂದ ಅಂಕೆಯಿದ್ದರೆ ವಾದಕ್ಕೆ ಬಲ ಬರುತ್ತಿತ್ತು. ಅಳತೆಗೆ ಹೆದರುವವರು ಅಳತೆಯ ಲಾಭವನ್ನೂ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ನಿಮಗೇ ಮೈಕು ಕೊಟ್ಟರೆ ಯಾವ ನಿರ್ಣಯ ಮಂಡಿಸುತ್ತೀರಿ?

ಕಿಟಕಿ: ಕಿಟಕಿ ಕೂರಿಸಿ ಒಂದು ಚಳಿಗಾಲ ಕಳೆದ ಮೇಲೆ, ಮಾರಿದ ಕಂಪನಿಗೆ ಸಂಬಂಧವಿಲ್ಲದ ಒಬ್ಬರು ಆ ಮನೆಗೆ ಹೋಗಿ ಗಾಳಿ ನುಗ್ಗುತ್ತಿದೆಯೇ, ತೇವ ಕಟ್ಟುತ್ತಿದೆಯೇ ಎಂದು ಪರೀಕ್ಷಿಸಲಿ. ಫಲಿತಾಂಶ ಕಂಪನಿಯ ಹೆಸರಿನೊಂದಿಗೆ ಪ್ರಕಟವಾಗಲಿ. ಖರ್ಚಾಗುತ್ತದೆ ಎನ್ನುತ್ತಾರೆ, ನಿಜ. ಆದರೆ ಇಂದು ಅಚ್ಚುಕಟ್ಟಾಗಿ ಕೆಲಸ ಮಾಡುವ ಫಿಟ್ಟರ್, ಪಟ್ಟಿ ಬಡಿದು ಓಡುವವನ ಅಗ್ಗದ ದರದೆದುರು ಕೆಲಸ ಕಳೆದುಕೊಳ್ಳುತ್ತಿದ್ದಾನೆ. ಆ ಖರ್ಚನ್ನು ಈಗ ಅವನೊಬ್ಬನೇ ಭರಿಸುತ್ತಿದ್ದಾನೆ. ನಿರ್ಣಯಕ್ಕೆ ಮೊದಲು ಕೈಯೆತ್ತುವವನೂ ಅವನೇ ಆಗಿರುತ್ತಾನೆ. ಯಾರು ಎತ್ತುವುದಿಲ್ಲ ಎಂದು ನೋಡಿಟ್ಟುಕೊಳ್ಳಿ, ಕಿಟಕಿ ಹಾಕಿಸುವಾಗ ಉಪಯೋಗಕ್ಕೆ ಬರುತ್ತದೆ.