ಕಾರ್ಬೇಟರ್ ಮಾಸ್ತರ

ತಂಗಿಯ ಮಗಳ ಕುಬಸಕ್ಕೆ ಇಂಡಿಯಿಂದ ಸಿಂದಗಿಗೆ ಒಂದು ಚೀಲ ನಿಂಬೆಹಣ್ಣು ಮುಟ್ಟಿಸಬೇಕಿತ್ತು. ಬಸ್ಸಿಗೆ ಹೋಗ್ರಿ ಎಂದಳು ಹೆಂಡತಿ. ಅಪ್ಪನ ಯೆಜ್ಡಿ ಇರುವಾಗ ಬಸ್ಸೇಕೆ? ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದರೂ ನಮ್ಮ ಗಾಡಿ ಹಾಕಿಲ್ಲ. ಕಿಕ್ ಹೊಡೆಯುವ ಕಡ್ಡಿಯೇ ಮಡಚಿದರೆ ಗೇರ್ ಆಗುವ ಜಾತಿ ಅದು. ಬೇಸಿಗೆಯ ಧೂಳು ಪೆಟ್ರೋಲಿಗೆ ಬೀಳದಿರಲೆಂದು ಟ್ಯಾಂಕಿನ ಮುಚ್ಚಳದಡಿ ಪ್ಲಾಸ್ಟಿಕ್ ಹಾಳೆಯಿಟ್ಟು ಬಿಗಿದೆ. ಅಷ್ಟು ಮುತುವರ್ಜಿ ನನಗೆ.

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ಬಿಕ್ಕಿ ಬಿಕ್ಕಿ ನಿಂತಿತು.

"ಏನಾತ್ರಿ?" ಎಂದ, ಎಮ್ಮೆ ಹೊಡೆದುಕೊಂಡು ಬಂದ ಕಾಕಾ.

"ಕಾರ್ಬೇಟರ್, ಕಾಕಾ. ಗಾಳಿ ಹೋಗೋ ಕೊಳವಿ ನಡುವ ಸಣ್ಣಕಿರ್ತದ. ಅಲ್ಲಿ ಗಾಳಿ ಜೋರ ಓಡ್ತದ, ಒತ್ತಡ ಇಳೀತದ. ಕೆಳಗ ಬಟ್ಟಲದಾಗಿನ ಪೆಟ್ರೋಲ್ ಜೆಟ್ಟಿನ ತೂತಿನಿಂದ ಮ್ಯಾಲೆದ್ದು ತುಂತುರಾಗಿ ಗಾಳಿ ಕೂಡ್ತದ. ಬರ್ನೌಲಿ 1738ರಾಗ ಬರದಿಟ್ಟ ತತ್ವ!"

"ಹಂಗಾರ ಅಂವನ್ನ ಕರಸ್ರಿ. ಮಾಸ್ತರ ಇದ್ದೀರೇನ್ರಿ ನೀವು?"

ಜೆಟ್ಟಿನಲ್ಲಿ ಕಚರಾ ಎಂದು ತೀರ್ಪು ಕೊಟ್ಟು ಬಟ್ಟಲು ಬಿಚ್ಚಿದೆ. ಒಂದು ಹನಿ ಪೆಟ್ರೋಲಿಲ್ಲ. ಪೆಟ್ರೋಲು ಬಟ್ಟಲಿಗೇ ಇಳಿಯದಿದ್ದರೆ ಜೆಟ್ಟಿನದೇನು ತಪ್ಪು ಎಂದು ನನ್ನ ಎಂಟನೇ ಇಯತ್ತೆಯ ಹುಡುಗರು ಕೇಳುತ್ತಿದ್ದರು. ನಾನು ಕೇಳಲಿಲ್ಲ. ಕಡಲೆಕಾಳಿಗಿಂತ ತುಸು ದೊಡ್ಡ ಹಿತ್ತಾಳೆಯ ಜೆಟ್ಟು; ಬೆಳಕಿಗೆ ಹಿಡಿದರೆ ಸೂಜಿಮೊನೆಯ ತೂತಿನಾಚೆ ಆಕಾಶ ನಿಚ್ಚಳ. ಆದರೂ ಊದಿದೆ. ಬೆವರುಗೈಯಿಂದ ಜಾರಿ ಸೀದಾ ಎರಿಹೊಲದ ಬಿರುಕಿಗೆ! ನಮ್ಮ ಎರಿ ಬೇಸಿಗೆಯಲ್ಲಿ ಬಾಯಿಬಿಟ್ಟರೆ ಮೊಳಕೈ ಇಳಿಯುತ್ತದೆ. ಕಾಕಾನ ಮೊಮ್ಮಗ ತಾಸುಗಟ್ಟಲೆ ತಡಕಾಡಿ ತೆಗೆದ. ಕೂಲಿ, 10 ನಿಂಬೆಹಣ್ಣು.

ಜೋಡಿಸಿ ಕಿಕ್ ಹೊಡೆದೆ, ಹೊಡೆದೆ, ಕಾಲು ಸೋತಿತು. ಕಾಕಾ ಮೆಲ್ಲಗೆ ಟ್ಯಾಂಕಿನ ಮುಚ್ಚಳ ತಿರುವಿದ. ಸುಸ್ಸೆಂದು ಗಾಳಿ ಒಳನುಗ್ಗಿತು.

"ಎಣ್ಣಿ ಡಬ್ಬಿಗೆ ಒಂದ ತೂತ ಹೊಡದ್ರ ಎಣ್ಣಿ ಬರ್ತದೇನ್ರಿ ಮಾಸ್ತರ? ಎರಡ ಹೊಡೀಬೇಕು."

ಮುಚ್ಚಳದಲ್ಲಿ ಗಾಳಿಗೆಂದೇ ಇದ್ದ ಸಣ್ಣ ತೂತನ್ನು ನನ್ನ ಮುತುವರ್ಜಿ ಮುಚ್ಚಿತ್ತು. ಪೆಟ್ರೋಲಿನಲ್ಲಿ ತೊಯ್ದ ಹಾಳೆ ಕಿತ್ತು ಜೇಬಿಗೆ ತುರುಕಿದೆ. ಎರಡನೇ ಕಿಕ್ಕಿಗೆ ಗಾಡಿ ಶುರುವಾಯಿತು.

ಸಿಂದಗಿ ಮುಟ್ಟಿದಾಗ ಊಟದ ಪಂಕ್ತಿ ಎದ್ದಿತ್ತು. ತಪ್ಪು ತೀರಿಸಲೆಂದು ಶರಬತ್ತು ಹಿಂಡಲು ಕೂತೆ. ಮೊದಲ ಗ್ಲಾಸು ಮೂಸಿದ ತಂಗಿ, ಅದನ್ನು ನನ್ನ ಕೈಗೇ ವಾಪಸಿಟ್ಟಳು.

"ಅಣ್ಣಾ, ಇದನ್ನ ಗಾಡಿಗೆ ಹಾಕು."