ಕುರ್ಡಿಯ ಏಳನೇ ತಲೆಮಾರು

ನಮ್ಮ ಅಳಿಯನ ಅಂಗಡಿಗೆ ದೊಡ್ಡದೊಂದು ಬೋರ್ಡು ಇದೆ. ಆದರೆ ಕುರ್ಡಿಯಲ್ಲಿ ಅದನ್ನು ಓದಿದವರಿಲ್ಲ, ಎಲ್ಲರ ಬಾಯಲ್ಲೂ ಅದು 'ಆನ್‌ಲೈನ್'. 'ಆನ್‌ಲೈನಿಗೆ ಹೋಗಿ ಬರ್ತೀನಿ' ಎಂದರೆ ಪಹಣಿಗೋ, ಜಾತಿ-ಆದಾಯಕ್ಕೋ, ಬೆಳೆ ವಿಮೆಗೋ ಹೊರಟರೆಂದು ಅರ್ಥ. ಮಾನ್ವಿಯ ಬಸ್ಸಿಗೆ ಕಾಯುವುದನ್ನು ತಪ್ಪಿಸುವ ಈ ಅಂಗಡಿಯಲ್ಲಿ ಒಂದು ಝೆರಾಕ್ಸ್ ಯಂತ್ರ, ಒಂದು ಪ್ರಿಂಟರು, ಹೆಬ್ಬೆರಳು ಒತ್ತಿಸಿಕೊಳ್ಳುವ ಒಂದು ಪುಟ್ಟ ಡಬ್ಬಿ ಮತ್ತು 2017ರ ಬೇಸಿಗೆಯಲ್ಲಿ ರಾಯಚೂರಿನಿಂದ ತಂದ ಒಂದು ಕಂಪ್ಯೂಟರು ಇವೆ. ಫ್ಯಾನಿನ ಕೆಳಗಿನ ಒಂದೇ ಕುರ್ಚಿ ನನ್ನದು. ಪಿಂಚಣಿದಾರನಿಗೆ ಇದಕ್ಕಿಂತ ಒಳ್ಳೆಯ ವಾಚನಾಲಯ ನಮ್ಮ ಕಡೆ ಸಿಗುವುದಿಲ್ಲ.

ಆ ಕಂಪ್ಯೂಟರಿನ ಕೆಲಸ ಊರವರ ಅರ್ಹತೆ ಹೇಳುವುದು. ಬಡವ ಬಡವನೇ ಎಂದು ಆದಾಯ ಪ್ರಮಾಣಪತ್ರ ಹೇಳಬೇಕು, ಅದೂ ಐದು ವರ್ಷಕ್ಕೊಮ್ಮೆ ಹೊಸದಾಗಿ. ಇಲ್ಲೇ ಹುಟ್ಟಿ ಇಲ್ಲಿಯ ಬಿಸಿಲಲ್ಲೇ ಕರ್ರಗಾದವನು ಕಲ್ಯಾಣ ಕರ್ನಾಟಕದವನು ಹೌದೆಂದು 371(ಜೆ) ಅರ್ಹತಾ ಪತ್ರ ಹೇಳಬೇಕು. ಆಧಾರ್‌ನಲ್ಲಿ ಹನುಮಂತ, ಪಹಣಿಯಲ್ಲಿ ಹನಮಂತಪ್ಪ ಎಂದಿದ್ದರೆ ಹೊಲದಲ್ಲಿ ಎದೆಯೆತ್ತರ ನಿಂತ ಹತ್ತಿಗೆ ಒಡೆಯನೇ ಇಲ್ಲ. ಅಂಥ ಹೊತ್ತಿನಲ್ಲಿ ಅಳಿಯ ತೆರೆಯ ಮೇಲಿನ ಕಣ್ಣು ಕೀಳದೆ ಹೇಳುವ ಮಾತು ಒಂದೇ: "ನಾ ಏನ್ ಮಾಡ್ಲಿ ತಾತ, ಸಿಸ್ಟಮ್ ತಗೊಳ್ಳವಲ್ದು."

ಆ ಸಿಸ್ಟಮ್ಮಿನ ಅರ್ಹತೆಗೇ ಈಗ ಪ್ರಶ್ನೆ ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಉಚಿತ ಭದ್ರತಾ ಅಪ್‌ಡೇಟುಗಳು ನಿಲ್ಲುತ್ತವೆ, ವಿಂಡೋಸ್ 11ಕ್ಕೆ ಬನ್ನಿ ಎಂದು ತೆರೆಯ ಮೇಲೆ ಕರೆಯೋಲೆ ಮೂಡತೊಡಗಿತು. 2015ರಲ್ಲಿ ಹತ್ತು ಬಂದಾಗ, ಇದೇ ಕಡೆಯ ವಿಂಡೋಸ್ ಎಂದು ಕಂಪನಿಯವರೇ ಒಬ್ಬರು ವೇದಿಕೆಯ ಮೇಲೆ ಹೇಳಿದ್ದರು. ವೇದಿಕೆಯ ಮೇಲಿನ ಮಾತಿಗೆ ನಮ್ಮ ಜಿಲ್ಲೆಯವರು ಎಷ್ಟು ಬೆಲೆ ಕೊಡುತ್ತಾರೋ ಅಷ್ಟೇ ಕೊಡಬೇಕಿತ್ತು. 2021ರ ಅಕ್ಟೋಬರ್ 5ಕ್ಕೆ ಹನ್ನೊಂದು ಬಂದೇ ಬಂತು. ಕರೆಯೋಲೆ ಬಂದವರೆಲ್ಲ ಪಂಕ್ತಿಗೆ ಕೂರುವಂತಿಲ್ಲ. ಮೊದಲು ಪಿಸಿ ಹೆಲ್ತ್ ಚೆಕ್ ಎಂಬ ತಂತ್ರಾಂಶ ಹಾಕಿ ತಪಾಸಣೆ ಮಾಡಿಸಬೇಕು. ಈ ತಪಾಸಣೆಯೂ 2021ರ ಜೂನ್‌ನಲ್ಲಿ ಮೊದಲು ಬಂದಾಗ 'ಆಗುವುದಿಲ್ಲ' ಎನ್ನುತ್ತಿತ್ತೇ ಹೊರತು ಯಾಕೆ ಎಂದು ಬಿಡಿಸಿ ಹೇಳುತ್ತಿರಲಿಲ್ಲ. ಜಗತ್ತಿನ ತುಂಬ ಗೊಣಗಾಟ ಎದ್ದು, ಅದನ್ನು ಹಿಂದಕ್ಕೆ ಪಡೆದು, ಕಾರಣ ಹೇಳುವುದನ್ನು ಕಲಿಸಿ ಮತ್ತೆ ಕಳಿಸಿದರು. ಕಾರಣ ಹೇಳದ ತಿರಸ್ಕಾರಕ್ಕೆ ಅಷ್ಟು ಮಂದಿ ಸಿಟ್ಟಾಗಬಹುದೆಂಬುದೇ ನಮ್ಮ ಅಂಗಡಿಯ ಪಾಳಿಯಲ್ಲಿ ನಿಂತವರಿಗೆ ಹೊಸ ಸುದ್ದಿ.

ಅಳಿಯ ಗುಂಡಿ ಒತ್ತಿದ. ಹಸಿರು ಗುರುತುಗಳು ಸಾಲಾಗಿ ಬಂದವು. ರ‍್ಯಾಮ್ 4 ಜಿಬಿ ಬೇಕಿತ್ತು, 8 ಇದೆ. ಡಿಸ್ಕು 64 ಜಿಬಿ ಬೇಕಿತ್ತು, ಅದರ ಎಷ್ಟೋ ಪಟ್ಟು ಇದೆ. ಆಮೇಲೆ ಮೂರು ಕೆಂಪು: ಟಿಪಿಎಂ 2.0 ಇಲ್ಲ, ಸೆಕ್ಯೂರ್ ಬೂಟ್ ಇಲ್ಲ, ಪ್ರೊಸೆಸರ್ ಪಟ್ಟಿಯಲ್ಲಿಲ್ಲ.

ಪಹಣಿಗೆಂದು ಬಂದು ಕೂತಿದ್ದ ತಾತನಿಗೆ ಕುತೂಹಲ. "ಏನಿಲ್ಲಂತಲೇ ತಮ್ಮಾ?"

"ಟಿಪಿಎಂ ಇಲ್ಲಂತ ತಾತ."

"ನಮ್ಮ ಮನ್ಯಾಗೂ ಇಲ್ಲ. ಏನ್ ಸಂಸಾರ ನಡದಿಲ್ಲೇನು?"

ಟಿಪಿಎಂ ಎಂದರೆ ಕಂಪ್ಯೂಟರಿನ ಗುಟ್ಟಿನ ಕೀಲಿಗಳನ್ನು ಬೇರೆಯಾಗಿ ಕಾಪಿಡುವ ಭದ್ರತಾ ಚಿಪ್ಪು. ಬಿಡಿ ಚಿಪ್ಪೇ ಇರಬೇಕೆಂದಿಲ್ಲ, ಇಂಟೆಲ್‌ನವರು ಅದೇ ಕೆಲಸವನ್ನು ಪಿಟಿಟಿ ಎಂಬ ಹೆಸರಿನಲ್ಲಿ ಒಳಗೇ ಇಟ್ಟಿರುತ್ತಾರೆ. ನಮ್ಮದರಲ್ಲೂ ಇತ್ತು. ಎಂಟು ವರ್ಷದಿಂದ ಒಳಗೇ ಮಲಗಿ ನಿದ್ದೆ ಹೊಡೆಯುತ್ತಿತ್ತು. ಕಂಪ್ಯೂಟರ್ ಏಳುವಾಗಲೇ ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಇಳಿದು, ಅದರ ಮುಂದಿದ್ದ 'ಡಿಸೇಬಲ್ಡ್' ಅನ್ನು 'ಎನೇಬಲ್ಡ್' ಮಾಡಿದ್ದೇ ತಡ, ಒಂದು ಕೆಂಪು ಹಸಿರಾಯಿತು. ಹುಡುಕಿದರೆ ದಾಖಲೆ ಮನೆಯ ಸಂದೂಕದಲ್ಲೇ ಇರುತ್ತದೆಂದು ಅಳಿಯ ಊರವರಿಗೆ ದಿನವೂ ಹೇಳುವ ಮಾತು ಅವನ ಮೇಜಿನ ಮೇಲೇ ನಿಜವಾಯಿತು.

ಸೆಕ್ಯೂರ್ ಬೂಟ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದಕ್ಕೆ ಯುಇಎಫ್‌ಐ ಬೇಕು, ಯುಇಎಫ್‌ಐಗೆ ಡಿಸ್ಕು ಹಳೆಯ ಎಂಬಿಆರ್ ಪದ್ಧತಿ ಬಿಟ್ಟು ಜಿಪಿಟಿಗೆ ಬರಬೇಕು. ಬದಲಾಯಿಸುವ ಸಾಧನ ವಿಂಡೋಸ್ 10ರ ಒಳಗೇ ಇದೆ, ಕಡತಗಳೂ ಅಳಿಯುವುದಿಲ್ಲ. ಆದರೆ ನಡುವೆ ಕರೆಂಟು ಹೋಗಬಾರದು. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ನಾಡಿಗೆ ಬೆಳಕು ಕೊಡುವ ಜಿಲ್ಲೆಯವರು ನಾವು. ಕೊಟ್ಟವರು ಉಳಿಸಿಕೊಳ್ಳುವುದು ಎಷ್ಟೆಂಬ ಲೆಕ್ಕ ಬೇರೆ. ಅಂಗಡಿಯ ಯುಪಿಎಸ್‌ಗೆ ಈಗ ಉಳಿದಿರುವುದು ಕರೆಂಟು ಹೋಯಿತೆಂದು ಕೂಗಿ ಹೇಳುವ ಶಕ್ತಿ ಮಾತ್ರ. ಎಂದೋ ನುಡಿಯಲ್ಲಿ ಟೈಪು ಮಾಡಿಟ್ಟ ಲಗ್ನಪತ್ರಿಕೆಗಳು, ಬಾಂಡುಗಳು, ಸಂಘದ ಠರಾವುಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿ, ಯಾರೂ ಪಂಪ್‌ಸೆಟ್ ಹಾಕದ ಹೊತ್ತು ನೋಡಿ, ಮನೆದೇವರಿಗೆ ಕೈಮುಗಿದು ಅಳಿಯ ಆ ಕೆಲಸ ಮುಗಿಸಿದ. ಎರಡನೇ ಕೆಂಪೂ ಹೋಯಿತು. ಅಂದು ಚಹಾ ಅವನ ಲೆಕ್ಕದಲ್ಲೇ.

ಉಳಿದದ್ದು ಪ್ರೊಸೆಸರ್. ಇಂಟೆಲ್ ಕೋರ್‌ಗಳಲ್ಲಿ ಎಂಟನೇ ತಲೆಮಾರಿನಿಂದ ಈಚಿನವು ಬೇಕು. ನಮ್ಮದು ಏಳು. ನಮ್ಮ ಆಸ್ತಿ, ಶಾಪ, ಸೂತಕ, ಬೈಗುಳ ಎಲ್ಲವೂ ಏಳನೇ ತಲೆಮಾರಿಗೆ ಬಂದು ನಿಲ್ಲುತ್ತವೆ. ಎಂಟನೆಯದನ್ನು ಕೇಳಿದವರನ್ನು ನಾನು ಕಂಡಿದ್ದು ಇದೇ ಮೊದಲು. ಆ ಎಂಟನೆಯದು ಹುಟ್ಟಿದ್ದಾದರೂ ಯಾವಾಗ? 2017ರ ಆಗಸ್ಟಿನಲ್ಲಿ. ಅಳಿಯ ಆ ವರ್ಷ ಮಳೆಗಾಲದವರೆಗೆ ಕಾಯದೆ ಬೇಸಿಗೆಯಲ್ಲೇ ಕೊಂಡಿದ್ದ.

ಕಂಪನಿ ಹೇಳುವ ಕಾರಣ ಭದ್ರತೆ, ಸ್ಥಿರತೆ. ಇರಬಹುದು. ಆದರೆ ಏಳನೆಯವರಲ್ಲೂ ಕೆಲವರಿಗೆ ವಿನಾಯಿತಿ ಸಿಕ್ಕಿದೆ. ಅದರಲ್ಲೊಂದು ಪ್ರೊಸೆಸರ್ ಇರುವುದು ಕಂಪನಿಯದೇ ಸರ್ಫೇಸ್ ಸ್ಟುಡಿಯೋ 2 ಎಂಬ ಯಂತ್ರದಲ್ಲಿ. ಇದನ್ನು ಹೇಳಿದಾಗ ತಾತ ಆಶ್ಚರ್ಯಪಡಲಿಲ್ಲ. "ಸಾಹೇಬರ ಮನಿ ಮಂದಿಗೆ ಎಲ್ಲಾ ಕಡಿ ನಡೀತೈತಿ ಬಿಡು" ಎಂದ. ಸ್ವಲ್ಪ ತಡೆದು ಮತ್ತೆ, "ಎತ್ತು ತರಬೇಕಾದ್ರ ನಾವು ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನೊಗಕ್ಕ ಹಚ್ಚಿ ನೋಡ್ತೀವಿ. ಇವ್ರು ನೊಗಕ್ಕ ಹಚ್ಚಲೇ ಇಲ್ಲಲ್ಲ?"

ನಾನು 371(ಜೆ) ಪತ್ರ ಮಾಡಿಸಿದರೆ ಹೇಗೆಂದೆ. ಅಳಿಯ ನಗಲಿಲ್ಲ, ನಿಯಮ ಹೇಳಿದ. ಇಲ್ಲಿ ಹುಟ್ಟಿರಬೇಕು, ಇಲ್ಲವೇ 2013ರ ಜನವರಿ 1ಕ್ಕೆ ಮುಂಚೆ ಹತ್ತು ವರ್ಷ ಇಲ್ಲಿ ನೆಲೆಸಿರಬೇಕು. ಇದು 2017ರ ವಲಸೆಗಾರ. "ಅದಕ್ಕೂ ಬರಂಗಿಲ್ಲ ಮಾವ."

ತಪಾಸಣೆಯ ಕಣ್ಣು ತಪ್ಪಿಸಿ ಹನ್ನೊಂದನ್ನು ಹಾಕುವ ಕಳ್ಳದಾರಿಗಳಿವೆ. ಮುಂದೆ ಅಪ್‌ಡೇಟು ಬಂದೇ ಬರುತ್ತದೆಂಬ ಭರವಸೆ ಆಗ ಇರುವುದಿಲ್ಲ. ಊರವರ ಹೆಬ್ಬೆರಳು, ಆಧಾರ್ ಹಾದುಹೋಗುವ ಯಂತ್ರಕ್ಕೆ ಅದು ಬೇಡ ಎಂದು ಅಳಿಯನೇ ತೀರ್ಮಾನಿಸಿದ. ಲಿನಕ್ಸ್ ಹಾಕಿಕೊಳ್ಳಿ ಎಂದವರಿಗೆ ಹೆಬ್ಬೆರಳಿನ ಡಬ್ಬಿ ತೋರಿಸಿದ. ಅದರ ಜೊತೆ ಬಂದ ಸಿಡಿಯ ಮೇಲೆ ವಿಂಡೋಸ್ ಎಂದಷ್ಟೇ ಬರೆದಿದೆ.

ಕೊನೆಗೆ ಕಂಡಿದ್ದು ಗಡುವು ವಿಸ್ತರಣೆ. ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಹತ್ತಕ್ಕೇ ಭದ್ರತಾ ಅಪ್‌ಡೇಟು ಬರುತ್ತದೆ. ಮೂವತ್ತು ಡಾಲರ್ ಕಟ್ಟಬಹುದು, ಇಲ್ಲವೇ ಸೆಟ್ಟಿಂಗುಗಳನ್ನು ಅವರ ಕ್ಲೌಡಿಗೆ ಒಪ್ಪಿಸಿ ಪುಕ್ಕಟೆ ಪಡೆಯಬಹುದು. ವಿಸ್ತರಣೆಗೂ ಅರ್ಹತೆಯಿದೆ ಎನ್ನುವುದು ಬೇರೆ ಮಾತು. ವಿಂಡೋಸ್ 10ರ ಕಡೆಯ ಆವೃತ್ತಿ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆ ಇರಬೇಕು. ಆವೃತ್ತಿ ಇತ್ತು. ಖಾತೆಯೂ ಇತ್ತು. ಪಾಸ್‌ವರ್ಡ್ ಮರೆತಿತ್ತು. ಒಟಿಪಿ ಕಳಿಸಿದ್ದೇವೆ ಎಂದು ತೆರೆ ಹೇಳಿತು. ಕಳಿಸಿದ್ದು ಅಳಿಯನ ಅಣ್ಣನ ಹಳೇ ನಂಬರಿಗೆ. ಅಣ್ಣ ಬೆಂಗಳೂರಿಗೆ ದುಡಿಯಲು ಹೋದವನು, ಫೋನು ಎತ್ತುವುದು ರಾತ್ರಿ ಪಾಳಿ ಮುಗಿದ ಮೇಲೆ.

ಒಟಿಪಿ ಮಗನ ಫೋನಿಗೆ ಹೋಗಿದೆ, ಮಗ ಬೆಂಗಳೂರಿನಲ್ಲಿದ್ದಾನೆ ಎಂದು ಎಷ್ಟೋ ಸಲ ಇದೇ ಕಟ್ಟೆಯ ಮೇಲೆ ಕಾದು ಹೋಗಿದ್ದ ತಾತ ಎದ್ದು ನಿಂತ. ಕಾಲು ಕಿಲೋ ಸಕ್ಕರೆ ತಿಂದವನಂತೆ ಮುಖವರಳಿತ್ತು.

"ಈಗ ಬಂದಿ ನೋಡು ನಮ್ಮ ಪಾಳಿಗೆ. ಹಿಂದ ನಿಂದ್ರು. ಮೊದ್ಲು ನನ್ನ ಪಹಣಿ ತಗಿ."